ಅಂಚೆ ಕಚೇರಿ ಆರ್.ಡಿ.: ಹಾಲಿನ ದುಡ್ಡಿಗೆ ಕಂತು, ಕಬ್ಬಿನ ದುಡ್ಡಿಗೆ ಮುಂಗಡ

ಮಂಡ್ಯ ಕಡೆಯ ಹಳ್ಳಿಮನೆಗೆ ದುಡ್ಡು ಎರಡು ದಾರಿಯಲ್ಲಿ ಬರುತ್ತದೆ. ಡೇರಿ ಬಟವಾಡೆ ಚಿಕ್ಕದಾದರೂ ನಿಲ್ಲದೆ ಬರುತ್ತದೆ. ಕಬ್ಬಿನ ಬಿಲ್ಲು ದೊಡ್ಡದು, ಆದರೆ ಯಾವಾಗ ಕೈಗೆ ಬೀಳುತ್ತದೋ ಹೇಳಲಾಗದು. ಐದು ವರ್ಷದ ಅಂಚೆ ಆರ್.ಡಿ. (ರಿಕರಿಂಗ್ ಡೆಪಾಸಿಟ್, ತಿಂಗಳು ತಿಂಗಳು ಕಂತು ಕಟ್ಟಿ ಕೂಡಿಸುವ ಖಾತೆ) ಈ ಎರಡಕ್ಕೂ ಹೊಂದುತ್ತದೆ. ಹೊಂದಿಸುವ ಬಗೆ ಮಾತ್ರ ಗೊತ್ತಿರಬೇಕು.

ಕಂತು ತಿಂಗಳಿಗೆ ಕನಿಷ್ಠ 100 ರೂಪಾಯಿ, ಆಮೇಲೆ ಹತ್ತರ ಲೆಕ್ಕದಲ್ಲಿ ಎಷ್ಟಾದರೂ. ಬಡ್ಡಿ 2023ರ ಅಕ್ಟೋಬರ್‌ನಲ್ಲಿ ಶೇ. 6.7ಕ್ಕೆ ಏರಿತು. ಆ ದರದಲ್ಲಿ ತಿಂಗಳಿಗೆ 500ರಂತೆ 60 ಕಂತು ಕಟ್ಟಿದರೆ, ಕಟ್ಟಿದ 30,000ಕ್ಕೆ ಸುಮಾರು 35,680 ಕೈಗೆ ಬರುತ್ತದೆ. ತೆರೆದ ದಿನದ ದರವೇ ಕೊನೆತನಕ. ಚೀಟಿಯಲ್ಲಿ ಇದಕ್ಕಿಂತ ಹೆಚ್ಚು ಸಿಗಬಹುದು, ಆದರೆ ಚೀಟಿ ನಡೆಸುವವನು ಊರು ಬಿಟ್ಟರೆ ಅಸಲೂ ಹೋಯಿತು.

ಕಂತನ್ನು ಹಾಲು ಕಮ್ಮಿ ಇರುವ ತಿಂಗಳ ಬಟವಾಡೆ ನೋಡಿ ಗೊತ್ತುಮಾಡಿ. ಒಂದೇ ಹಸುವಿನ ಮನೆಯಲ್ಲಿ ಕರು ಹಾಕುವ ಮುಂಚೆ ಎರಡು ತಿಂಗಳು ಕರಾವು ಇರುವುದಿಲ್ಲ, ಅದರ ಮೇಲೆ ಕೆಚ್ಚಲುಬಾವು ಬಂದರೆ ಇನ್ನಷ್ಟು ದಿನ. ಕಂತು ತಪ್ಪಿದರೆ ದಂಡ ನೂರಕ್ಕೆ ಒಂದು ರೂಪಾಯಿ, ಅಂದರೆ 500ಕ್ಕೆ ತಿಂಗಳಿಗೆ 5 ರೂಪಾಯಿ. ಇದಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ನಾಲ್ಕನೇ ತಪ್ಪಿಗೆ. ಆಗ ಖಾತೆ ನಿಂತುಹೋಗುತ್ತದೆ, ಎರಡು ತಿಂಗಳೊಳಗೆ ಬಾಕಿ ಕಟ್ಟಿ ಎಬ್ಬಿಸದಿದ್ದರೆ ಮುಂದೆ ಕಂತು ಕಟ್ಟುವಂತೆಯೇ ಇಲ್ಲ. ಖಾತೆಯನ್ನು ತಿಂಗಳ 15ರ ನಂತರ ತೆರೆಯಿರಿ. 15ರೊಳಗೆ ತೆರೆದರೆ ಪ್ರತಿ ತಿಂಗಳೂ 15ಕ್ಕೇ ಗಡುವು, ನಂತರ ತೆರೆದರೆ ತಿಂಗಳ ಕೊನೆಯ ಕೆಲಸದ ದಿನದವರೆಗೆ ಕಾಲಾವಕಾಶ.

ಕಬ್ಬಿನ ಬಿಲ್ಲು ಬಂದಾಗ ಹನ್ನೆರಡು ಕಂತು ಒಟ್ಟಿಗೆ ಕಟ್ಟಿಬಿಡಿ. 100ರ ಕಂತಿಗೆ 40 ರೂಪಾಯಿ ರಿಯಾಯಿತಿ ಇದೆ. 500ರ ಖಾತೆಗೆ 6,000ದ ಬದಲು 5,800 ಕಟ್ಟಿದರೆ ಸಾಕು. ಆರು ತಿಂಗಳಿಗಾದರೆ 100ಕ್ಕೆ 10 ರೂಪಾಯಿ ಮಾತ್ರ. ಈ ಅನುಕೂಲವನ್ನು ಬಹಳ ಜನ ಕೇಳಿ ಪಡೆಯುವುದೇ ಇಲ್ಲ, ಅದೇ ಬೇಸರ.

ದೊಡ್ಡ ಕೊರತೆ ಒಂದಿದೆ. ಮೂರು ವರ್ಷ ತುಂಬುವವರೆಗೆ ಖಾತೆ ಮುಚ್ಚಲಾಗದು. ಆಮೇಲೂ ಅವಧಿಗೆ ಒಂದು ದಿನ ಮೊದಲು ಮುಚ್ಚಿದರೂ ಉಳಿತಾಯ ಖಾತೆಯ ಶೇ. 4ರ ಬಡ್ಡಿಯಷ್ಟೇ. ಅದಕ್ಕೇ 900ರ ಒಂದು ಖಾತೆಗಿಂತ 300ರ ಮೂರು ಖಾತೆ ಮೇಲು: ಮುಚ್ಚಲೇಬೇಕಾಗಿ ಬಂದರೆ ಒಂದನ್ನು ಮುಚ್ಚಿ, ಉಳಿದೆರಡು ಬೆಳೆಯುತ್ತಿರಲಿ.

ಮುಚ್ಚುವ ಮುಂಚೆ ಸಾಲ ಕೇಳಿ. ಹನ್ನೆರಡು ಕಂತು ಕಟ್ಟಿ ವರ್ಷ ತುಂಬಿದ್ದರೆ ಇರುವ ಹಣದ ಅರ್ಧದಷ್ಟು ಸಿಗುತ್ತದೆ, ಬಡ್ಡಿ ಆರ್.ಡಿ. ದರಕ್ಕಿಂತ ಶೇ. 2 ಹೆಚ್ಚು. 6,000 ರೂಪಾಯಿಗೆ ತಿಂಗಳಿಗೆ 43-44 ರೂಪಾಯಿ ಬಡ್ಡಿ. ಊರಲ್ಲಿ ನೂರಕ್ಕೆ ಮೂರರಂತೆ ಕೈಸಾಲ ತಂದರೆ 180.

ಏಜೆಂಟರ ಕೈಲಿ ಕಟ್ಟುವವರು ಅವರ ಕಾರ್ಡಿನ ಸಹಿಗೆ ಸುಮ್ಮನಾಗಬೇಡಿ. ಪಾಸ್‌ಬುಕ್ಕಿನ ಪ್ರತಿ ಸಾಲಿನಲ್ಲೂ ತಾರೀಖು, ಮೊತ್ತ, ಖಾತೆಯಲ್ಲಿರುವ ಒಟ್ಟು ಹಣ ಮತ್ತು ಅಂಚೆ ಮುದ್ರೆ ಇದೆಯೇ ಎಂದು ಮೂರು ತಿಂಗಳಿಗೊಮ್ಮೆಯಾದರೂ ನೋಡಿ. ಪಾಸ್‌ಬುಕ್ ನಿಮ್ಮ ಮನೆಯಲ್ಲೇ ಇರಲಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಮಳೆಗಾಲದಲ್ಲಿ ಶಾಯಿ ಹರಡುವುದಿಲ್ಲ. ನಾಮಿನಿ ಹೆಸರನ್ನು ಆಧಾರ್‌ನಲ್ಲಿರುವಂತೆಯೇ ಬರೆಸಿ. ಮನೆಯಲ್ಲಿ ಕರೆಯುವ ಹೆಸರು ಬರೆಸಿಬಿಟ್ಟರೆ, ಆಮೇಲೆ ಹಣ ಬಿಡಿಸಲು ಅಲೆಯಬೇಕಾದವರು ನಿಮ್ಮ ಹೆಂಡತಿ ಮಕ್ಕಳು.