ವಾಷಿಂಗ್ ಮಷೀನಿಗೆ ಬೇರಿಂಗ್ ಹಾಕಿಸುವವರು ಸೀಲನ್ನು ಬಿಡಬೇಡಿ

ಮನೆಯ ವಾಷಿಂಗ್ ಮಷೀನಿನ ಬೇರಿಂಗ್ (ಡ್ರಮ್ ಸರಾಗವಾಗಿ ತಿರುಗುವಂತೆ ಹೊತ್ತಿರುವ ಭಾಗ) ಬದಲಿಸಲು ಮೆಕ್ಯಾನಿಕ್ ಕರೆಸಬೇಕೆಂದಿರುವವರು ಮೊದಲು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಬೇರಿಂಗ್ ಜೊತೆಗೆ, ಅದಕ್ಕೆ ನೀರು ತಾಗದಂತೆ ತಡೆಯುವ ರಬ್ಬರಿನ ಬಳೆಯಾದ ಆಯಿಲ್ ಸೀಲನ್ನೂ ಹಾಕಿಸದೆ ಹೋದದ್ದರಿಂದ ನಾವು ಒಂದೇ ಕೆಲಸಕ್ಕೆ ಎರಡು ಸಲ ಹಣ ತೆತ್ತಿದ್ದೇವೆ.

ಹುಬ್ಬಳ್ಳಿಯ ವಿದ್ಯಾನಗರದ ನಮ್ಮ ಮನೆಯಲ್ಲಿರುವುದು ಏಳು ವರ್ಷ ಹಳೆಯ ಫ್ರಂಟ್ ಲೋಡ್ ಮಷೀನು. ಮಲಪ್ರಭೆಯ ನೀರು ನಲ್ಲಿಗೆ ದಿನವೂ ಬರುವುದಿಲ್ಲವಾದ್ದರಿಂದ ಬಟ್ಟೆಗೆ ಬಹುಪಾಲು ಬೋರ್‌ವೆಲ್ಲಿನ ಗಡಸು ನೀರೇ ಗತಿ. ಕಳೆದ ದೀಪಾವಳಿಯ ಹೊತ್ತಿಗೆ, ಬಟ್ಟೆ ಹಿಂಡಲು ಡ್ರಮ್ ವೇಗ ಹಿಡಿದಾಗಲೆಲ್ಲ ಹಿಟ್ಟಿನ ಗಿರಣಿ ತಿರುಗಿದಂಥ ಸದ್ದು ಬರತೊಡಗಿತು. ಮಷೀನಿನ ಹಿಂದೆ ನೆಲದ ಮೇಲೆ ಕಂದು ಬಣ್ಣದ ಹನಿಗಳು ಬೀಳುತ್ತಿದ್ದವು. ಕೊಳೆನೀರಿರಬೇಕೆಂದು ನಾನು ಒರೆಸಿಬಿಡುತ್ತಿದ್ದೆ. ಅದು ಬೇರಿಂಗಿನ ತುಕ್ಕು ತೊಳೆದುಕೊಂಡು ಬರುತ್ತಿದ್ದ ನೀರು.

ಫೋನಿನಲ್ಲಿ ಹುಡುಕಿದಾಗ ಮೊದಲು ಕಂಡ ನಂಬರಿಗೆ ಕರೆ ಮಾಡಿದೆ. ಬಂದವರು ತಾವು ಕಂಪನಿಯವರೇ ಎಂದರು. ಗುರುತಿನ ಚೀಟಿ ಅವರು ತೋರಿಸಲಿಲ್ಲ, ನಾವೂ ಕೇಳಲಿಲ್ಲ. ಡ್ರಮ್ ಬಿಚ್ಚಿ ಬೇರಿಂಗ್ ಹೊರತೆಗೆಯುತ್ತಿದ್ದಾಗ ಪಕ್ಕದಲ್ಲಿದ್ದ ನಮ್ಮ ಮಾವನವರು ಅಲ್ಲಿ ಬಿದ್ದಿದ್ದ ದಪ್ಪ ರಬ್ಬರಿನ ಬಳೆಯನ್ನು ತೋರಿಸಿ, ಇದನ್ನೂ ಬದಲಿಸಬೇಕಲ್ಲವೇ ಎಂದು ವಿಚಾರಿಸಿದರು. "ಕಾಕಾರ, ಇದಿನ್ನೂ ಚಲೋ ಐತ್ರಿ, ಸುಮ್ನ ರೊಕ್ಕಾ ಯಾಕ ಹಾಳ ಮಾಡ್ತೀರಿ" ಎಂದು ಹೇಳಿ ಆ ಮೆಕ್ಯಾನಿಕ್ ಅದನ್ನೇ ಒರೆಸಿ ಮತ್ತೆ ಕೂರಿಸಿದರು. 4,200 ರೂಪಾಯಿ ನಗದು ಪಡೆದು, ಹಳೆಯ ಬೇರಿಂಗನ್ನೂ ಚೀಲಕ್ಕೆ ಹಾಕಿಕೊಂಡು ಹೋದರು. ಬಿಲ್ ಕೊಡಲಿಲ್ಲ.

ಮೂರು ತಿಂಗಳಿಗೆ ಅದೇ ಸದ್ದು, ಅದೇ ಕಂದು ಹನಿ. ಆ ನಂಬರು ಅಷ್ಟರಲ್ಲಿ ಬಂದ್ ಆಗಿತ್ತು.

ಪರಿಚಯದವರ ಮೂಲಕ ಬಂದ ಎರಡನೆಯ ಮೆಕ್ಯಾನಿಕ್ ಎಲ್ಲವನ್ನೂ ಬಿಚ್ಚಿ ತೋರಿಸಿ ತಿಳಿಸಿಕೊಟ್ಟರು. ನೀರು ನಿಲ್ಲುವುದು ಹೊರಗಿನ ಪ್ಲಾಸ್ಟಿಕ್ ಟಬ್ಬಿನಲ್ಲಿ. ಒಳಗಿನ ಸ್ಟೀಲ್ ಡ್ರಮ್ಮಿನ ಶಾಫ್ಟು, ಅಂದರೆ ಅದು ತಿರುಗುವ ದಂಡ, ಆ ಟಬ್ಬಿನ ಹಿಂಬದಿಯನ್ನು ಹಾಯ್ದು ಹೊರಗೆ ಬರುತ್ತದೆ. ಆ ಜಾಗದಲ್ಲಿ ಶಾಫ್ಟನ್ನು ಹೊತ್ತಿರುವ ಎರಡು ಬೇರಿಂಗುಗಳಿಗೆ ನೀರು ತಾಗದಂತೆ ಕಾಯುವುದು ಈ ಸೀಲೊಂದೇ. ಅದರ ಅಂಚು ಸವೆದರೆ ಸಾಬೂನು ನೀರು ಒಳಗೆ ಇಳಿದು ಗ್ರೀಸನ್ನು ತೊಳೆದುಹಾಕುತ್ತದೆ, ಆಮೇಲೆ ತುಕ್ಕು ಹಿಡಿಯುತ್ತದೆ. ನಮ್ಮ ಮೊದಲ ಬೇರಿಂಗ್ ಹಾಳಾದದ್ದೇ ಸೀಲ್ ಹೋದದ್ದರಿಂದ. ಮೊದಲು ಬಂದವರು ಅದೇ ಸೀಲಿನ ಹಿಂದೆ ಹೊಸ ಬೇರಿಂಗ್ ಕೂರಿಸಿದ್ದರು.

ಆ ಸೀಲನ್ನು ನಾನು ಕೈಯಲ್ಲಿ ಹಿಡಿದು ನೋಡಿದೆ. ಅಂಚಿನೊಳಗಿನ ಕೂದಲೆಳೆಯಂಥ ಸ್ಪ್ರಿಂಗು ತುಕ್ಕು ಹಿಡಿದು ತುಂಡಾಗಿತ್ತು, ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಸೀಲ್ ಕೂರುವಲ್ಲಿ ಶಾಫ್ಟಿನ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳವಾದ ಗೆರೆ ಬಿದ್ದಿತ್ತು. ಅಂಥ ಗೆರೆಯ ಮೇಲೆ ಹೊಸ ಸೀಲೂ ನೀರು ತಡೆಯುವುದಿಲ್ಲವಾದ್ದರಿಂದ ಶಾಫ್ಟಿನ ಭಾಗವನ್ನೂ ಬದಲಿಸಬೇಕಾಯಿತು. ಒಟ್ಟು 6,800 ರೂಪಾಯಿ ಬಿಲ್ಲಿನಲ್ಲಿ ಸೀಲಿನ ಬೆಲೆ 350.

ಸದ್ದು ಬರುತ್ತಿದ್ದರೆ ಪ್ಲಗ್ ತೆಗೆದು, ಖಾಲಿ ಡ್ರಮ್ಮನ್ನು ಒಳಗಿನಿಂದ ಮೇಲಕ್ಕೆ ಎತ್ತಿ ನೋಡಿ. ಹೊರಗಿನ ಟಬ್ ಅಲುಗದೆ ಡ್ರಮ್ ಮಾತ್ರ ಸಡಿಲವಾಗಿ ಆಡಿದರೆ ಬೇರಿಂಗ್ ಹೋಗಿದೆ ಎಂದೇ ತಿಳಿಯಬಹುದು. ಕೆಲವು ಮಾದರಿಗಳಲ್ಲಿ ಟಬ್ಬನ್ನು ಬಿಚ್ಚಲಾಗದಂತೆ ಬೆಸೆದಿರುತ್ತಾರೆ, ಇಡೀ ಟಬ್ಬನ್ನೇ ಬದಲಿಸಬೇಕಾಗಬಹುದು. ಹೀಗಾಗಿ ಮುಂಗಡ ಕೊಡುವ ಮೊದಲೇ ನಿಮ್ಮದು ಯಾವ ಬಗೆಯದೆಂದು ಕೇಳಿಕೊಳ್ಳಿ. ಕಂಪನಿಯ ನಂಬರನ್ನು ಮಷೀನಿನ ಜೊತೆ ಬಂದ ಪುಸ್ತಕದಿಂದಲೇ ತೆಗೆದುಕೊಳ್ಳಿ. ಹೊಸ ಸೀಲಿನ ಪೊಟ್ಟಣವನ್ನು ನಿಮ್ಮೆದುರೇ ಒಡೆಯಲಿ, ಅಂಚಿಗೆ ಗ್ರೀಸ್ ಹಚ್ಚಿಯೇ ಕೂರಿಸಲಿ, ಹಳೆಯ ಭಾಗಗಳು ನಿಮ್ಮಲ್ಲೇ ಉಳಿಯಲಿ. ಬಿಲ್ಲನ್ನಂತೂ ಬಿಡಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳೋಣವೆಂದು ಕೂತಾಗ, ಹಣ ಕೊಟ್ಟದ್ದಕ್ಕೆ ತೋರಿಸಲು ನಮ್ಮ ಬಳಿ ಒಂದು ಚೀಟಿಯೂ ಇರಲಿಲ್ಲ.

ಈಗ ಮಷೀನಿನ ಹಿಂದೆ ಹಳೆಯ ದಿನಪತ್ರಿಕೆ ಹಾಸಿಟ್ಟು, ಪ್ರತಿ ಸಲ ಬಟ್ಟೆ ಒಗೆದ ಮೇಲೂ ತೆಗೆದು ನೋಡುತ್ತೇನೆ. ಐದು ವಾರವಾಯಿತು, ಕಾಗದ ಒಣಗಿಯೇ ಇದೆ.