ಕ್ಯಾಪ್, ಡಿಪ್ ಸ್ವಿಚ್, ಸೋಲ್ಡರ್ ಬೊಟ್ಟು: ಜಂಪರ್‌ಗೆ ಯಾವುದು ಸರಿ?

ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಪಂಪ್ ರೂಮಿಗೆ ಎರಡು ಎಲ್‌ಸಿಡಿ ಹಾಕಿದ್ದೆ. ಒಂದರಲ್ಲಿ ಕೆಳಗಿನ ಟ್ಯಾಂಕಿನ ನೀರಿನ ಮಟ್ಟ, ಇನ್ನೊಂದರಲ್ಲಿ ಮೇಲಿನದ್ದು. ಆನ್ ಮಾಡಿದರೆ ಎರಡರಲ್ಲೂ ಅದೇ ಅಕ್ಷರ! ಎರಡರ ಬೆನ್ನಿಗೂ ಇದ್ದದ್ದು ಸಂದೇಶವನ್ನು ಪರದೆಗೆ ದಾಟಿಸುವ ಪಿಸಿಎಫ್ 8574 ಚಿಪ್, ಎರಡರ ವಿಳಾಸವೂ (ಸಂದೇಶ ಯಾರಿಗೆ ಎಂದು ತಿಳಿಸುವ ಸಂಖ್ಯೆ) ಹೆಕ್ಸ್, ಅಂದರೆ ಹದಿನಾರರ ಲೆಕ್ಕದಲ್ಲಿ, 27. ಅಲ್ಲೇ ವಿಳಾಸ ನಿರ್ಧರಿಸುವ ಎ0, ಎ1, ಎ2 ಅಂತ ಮೂರು ಜೋಡಿ ಪ್ಯಾಡ್ (ಪುಟ್ಟ ಲೋಹದ ಚುಕ್ಕೆ) ಇರುತ್ತವೆ. ಜೋಡಿಯನ್ನು ಬಿಡಿಯಾಗಿ ಬಿಟ್ಟರೆ 1, ಕೂಡಿಸಿದರೆ 0. ಎ0 ಒಂದನ್ನೇ ಕೂಡಿಸಿದರೆ ವಿಳಾಸ 26 ಆಗುತ್ತದೆ. ಜಂಪರ್ ಮಾಡುವ ಕೆಲಸ ಇಷ್ಟೇ, ಎರಡು ತುದಿ ಕೂಡಿಸುವುದು.

ಮೊದಲು ಕ್ಯಾಪ್, ಅಂದರೆ ಎರಡು ಪಿನ್ನುಗಳನ್ನು ಕೂಡಿಸುವ, ಒಳಗೆ ಲೋಹ ಇರುವ ಪುಟ್ಟ ಪ್ಲಾಸ್ಟಿಕ್ ಟೊಪ್ಪಿ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿನಿಂದ 2.54 ಮಿ.ಮೀ. ಅಂತರದ ಪಿನ್ನು, ಕ್ಯಾಪ್ ತಂದೆ. ಪ್ಯಾಡಿನಿಂದ ಸಣ್ಣ ವೈರ್ ಎಳೆದು ಪಿನ್ ಕೂರಿಸಿದೆ. ಪವರ್ ತೆಗೆದು ಕ್ಯಾಪ್ ಒತ್ತಿದರೆ ಮುಗಿಯಿತು. ಬೇಡವಾದಾಗ ಒಂದೇ ಪಿನ್ನಿಗೆ ಸಿಕ್ಕಿಸಿ ಬಿಡಬಹುದು, ಕಳೆದುಹೋಗುವುದಿಲ್ಲ. ನನಗೆ ಇದೇ ಇಷ್ಟವಾಗಿತ್ತು. ಆದರೆ ಎರಡನೇ ಮಳೆಗಾಲದಲ್ಲಿ ಪಿನ್ನು ಮಂಕಾಗಿ ಸಂಪರ್ಕ ಬಿಟ್ಟಿತು. ವಿಳಾಸ ಮತ್ತೆ 27. ಮೇಲಿನ ಟ್ಯಾಂಕಿನ ಪರದೆಯಲ್ಲಿ ಕೆಳಗಿನ ಟ್ಯಾಂಕಿನ ಲೆಕ್ಕ! ಅದನ್ನು ನಂಬಿ ವಾಚ್‌ಮನ್ ಪಂಪ್ ಬಿಟ್ಟೇ ಇದ್ದರು. ಟೆರೇಸಿನಿಂದ ನೀರು ಸುರಿಯಿತು. ಆ ಸದ್ದು ಕೇಳುತ್ತಾ ನಿಂತಾಗ ನನಗೆ ತುಂಬಾ ಬೇಜಾರಾಯಿತು.

ಆಮೇಲೆ ಡಿಪ್ ಸ್ವಿಚ್ ಹಾಕಿದೆ. ಮೂರು ಪುಟ್ಟ ಗುಂಡಿ, ಯಾವುದು ಆನ್ ಅಂತ ಕಣ್ಣಿಗೇ ಕಾಣುತ್ತದೆ. ಸರಿಸುವುದಕ್ಕೆ ಪೆನ್ಸಿಲ್ ಮೊನೆ ಮಾತ್ರ ಬೇಡ, ಸೀಸದ ಪುಡಿ ಒಳಗೆ ಬಿದ್ದರೆ ಅದರಲ್ಲೂ ಕರೆಂಟ್ ಹರಿಯುತ್ತದೆ. ವಿಳಾಸ ಆಗಾಗ ಬದಲಿಸುವವರಿಗೆ ಇದು ಒಳ್ಳೆಯದು. ನನಗೆ ಅಷ್ಟು ಬೇಕಿರಲಿಲ್ಲ. ಪಂಪ್ ರೂಮಿನಲ್ಲಿ ಯಾರೋ ಸುಮ್ನೆ ಬೆರಳಾಡಿಸಿದರೂ ಲೆಕ್ಕ ತಪ್ಪುತ್ತದೆ ಅಲ್ವಾ?

ಕೊನೆಗೆ ಎಲ್ಲ ಕಿತ್ತು, ಎ0 ಜೋಡಿಗೆ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಸವರುವ ಅಂಟು) ಸವರಿ, ಬೆಸುಗೆ ಕಡ್ಡಿಯ ಕಾದ ತುದಿಯಿಂದ ಒಂದು ಬೊಟ್ಟು ಸೋಲ್ಡರ್, ಅಂದರೆ ಕರಗಿಸಿ ಬೆಸೆಯುವ ಲೋಹ, ಇಟ್ಟೆ. ಎರಡೂ ಪ್ಯಾಡು ತಬ್ಬಿಕೊಂಡಂತೆ ಹೊಳೆಯಿತು. ಮಲ್ಟಿಮೀಟರ್ ಬೀಪ್ ಅಂದಿತು, ಅಂದರೆ ಸಂಪರ್ಕ ಆಗಿದೆ. ಕಾರ್ಖಾನೆಯ ಬೋರ್ಡುಗಳಲ್ಲಿ ಇದೇ ಕೆಲಸವನ್ನು ‘0’ ಎಂದು ಅಚ್ಚಾದ ಸೊನ್ನೆ ಓಮ್ ರೆಸಿಸ್ಟರ್ ಮಾಡುತ್ತದೆ.

ಮೇಜಿನ ಮೇಲೆ ಪ್ರಯೋಗ ಮಾಡುವಾಗ ಈಗಲೂ ಕ್ಯಾಪೇ ಬಳಸುತ್ತೇನೆ. ಪಂಪ್ ರೂಮಿಗೆ ಮಾತ್ರ ಸೋಲ್ಡರ್. ಬೊಟ್ಟು ಡಬ್ಬಿಯೊಳಗೆ ಮುಚ್ಚಿಹೋಗುವುದರಿಂದ ಮುಚ್ಚಳದ ಮೇಲೆ ಮಾರ್ಕರಿನಲ್ಲಿ ದಪ್ಪಗೆ ಬರೆದಿದ್ದೇನೆ: ‘26, ಮೇಲಿನ ಟ್ಯಾಂಕ್’.