ಗಾಲ್ಫ್ ಅಭ್ಯಾಸಕ್ಕೆ ತಂದ ಓಲಾಡುವ ಹಲಗೆ: 14 ತಿಂಗಳಾದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದು ಸದ್ದು ಮಾಡುತ್ತದೆ. ತಂದ ಮೊದಲ ವಾರವೇ ಕೆಳಗಿನ ಮನೆಯ ಆಂಟಿ ಮೆಟ್ಟಿಲು ಹತ್ತಿ ಬಂದು, "ಬೆಳಗ್ಗೆ ಬೆಳಗ್ಗೆ ಏನಪ್ಪಾ ಕುಟ್ತಾ ಇರ್ತೀಯಾ?" ಅಂತ ಕೇಳಿದರು. ಕುಟ್ಟುತ್ತಿರಲಿಲ್ಲ, ಗಾಲ್ಫ್ ಸ್ವಿಂಗ್ ಕಲಿಯುತ್ತಿದ್ದೆ. ಅವರಿಗೆ ಅದನ್ನು ಹೇಗೆ ವಿವರಿಸುವುದು?

ವಸ್ತು ತುಂಬಾ ಸರಳ. ಎರಡೂ ಕಾಲು ಅಗಲಿಸಿ ನಿಲ್ಲುವಷ್ಟು ಉದ್ದದ ಮರದ ಹಲಗೆ. ಕೆಳಗೆ ನಡುವಿನಲ್ಲಿ ಒಂದು ಅಡ್ಡಪಟ್ಟಿ. ಬಲಗಾಲಿಗೆ ಭಾರ ಹಾಕಿದರೆ ಬಲಕ್ಕೆ ವಾಲುತ್ತದೆ, ಎಡಗಾಲಿಗೆ ಹಾಕಿದರೆ ಎಡಕ್ಕೆ. ಪಾರ್ಕಿನ ಸೀ-ಸಾ ಇದ್ದ ಹಾಗೆ. 5,800 ರೂಪಾಯಿ ಕೊಟ್ಟೆ. ನನ್ನ ಹೆಂಡತಿ ಈಗಲೂ ಇದನ್ನು "ಆರು ಸಾವಿರದ ಮಣೆ" ಅಂತಲೇ ಕರೆಯುವುದು.

ಯಾಕೆ ತಂದೆ ಅಂದರೆ, ನನ್ನ ಭಾರ ಉಲ್ಟಾ ಹೋಗುತ್ತಿತ್ತು. ಬ್ಯಾಕ್‌ಸ್ವಿಂಗ್‌ನಲ್ಲಿ, ಅಂದರೆ ಹೊಡೆಯುವ ಕೋಲು ಹಿಂದಕ್ಕೆ ಎತ್ತುವಾಗ, ಎಡಗಾಲಿನ ಮೇಲೆ ನಿಂತು, ಹೊಡೆಯುವಾಗ ಬಲಗಾಲಿನ ಮೇಲೆ ಹಿಂದಕ್ಕೆ ಬೀಳುತ್ತಿದ್ದೆ. ಕ್ಲಬ್ಬು, ಅಂದರೆ ಆ ಕೋಲು, ಚೆಂಡಿಗಿಂತ ಮೊದಲು ನೆಲಕ್ಕೆ ಬಡಿಯುತ್ತಿತ್ತು. ಮೈಸೂರಿನಲ್ಲಿ ರೇಸ್ ಕೋರ್ಸ್ ಪಕ್ಕದ ಮೈದಾನದಲ್ಲಿ ನಾನು ಎಬ್ಬಿಸಿದ ಮಣ್ಣಿನಲ್ಲಿ ಒಂದು ಮಡಿ ಸೊಪ್ಪು ಬೆಳೆಯಬಹುದಿತ್ತು. "ಭಾರ ಬಲಕ್ಕೆ ತಗೊಳ್ಳಿ" ಅಂದರು ಕೋಚ್. ನಾನು ಸೊಂಟವನ್ನೇ ಬಲಕ್ಕೆ ಜಾರಿಸಿದೆ, ತಲೆಯೂ ಜೊತೆಗೆ ಹೋಯಿತು. ಇನ್ನೂ ಕೆಟ್ಟಿತು.

ಹಲಗೆ ಕಲಿಸಿದ್ದು ಎಷ್ಟು ಭಾರ ಹಾಕಬೇಕು ಅನ್ನುವುದನ್ನಲ್ಲ, ಯಾವಾಗ ಹಾಕಬೇಕು ಅನ್ನುವುದನ್ನು. ಕ್ಲಬ್ಬು ಪೂರ್ತಿ ಮೇಲೆ ಹೋಗಿ ನಿಂತ ಮೇಲೆ ಎಡಕ್ಕೆ ಬರಬೇಕು ಅಂದುಕೊಂಡಿದ್ದೆ. ಅದು ತಪ್ಪು. ಚೆನ್ನಾಗಿ ಆಡುವವರ ಬಲಗಾಲಿನ ಒತ್ತಡ ಶುರುವಿನಲ್ಲೇ ಏರುತ್ತದೆ. ಎಡತೋಳು ನೆಲಕ್ಕೆ ಸಮಾಂತರವಾಗಿ ಬರುವಷ್ಟರಲ್ಲಿ ಅದು ಹೆಚ್ಚುಕಮ್ಮಿ ತುದಿ ಮುಟ್ಟಿರುತ್ತದೆ. ಕ್ಲಬ್ಬು ಇನ್ನೂ ಮೇಲೆ ಹೋಗುತ್ತಿರುವಾಗಲೇ ಒತ್ತಡ ಎಡಗಾಲಿಗೆ ಹೊರಟಿರುತ್ತದೆ. ಕ್ರಿಕೆಟ್‌ನಲ್ಲಿ ಬೌಂಡರಿಯಿಂದ ಚೆಂಡು ಎಸೆಯುವುದನ್ನು ನೆನಪಿಸಿಕೊಳ್ಳಿ. ಕೈ ಇನ್ನೂ ಹಿಂದಿರುತ್ತದೆ, ಎಡಗಾಲು ಆಗಲೇ ನೆಲ ಮುಟ್ಟಿರುತ್ತದೆ. ಅದೇ ಲೆಕ್ಕ.

ಈ ಹೊತ್ತನ್ನು ಮೈಗೆ ತಿಳಿಸುವುದೇ ಹಲಗೆಯ ತುದಿ ನೆಲಕ್ಕೆ ತಾಗುವ ಆ 'ಟಕ್' ಸದ್ದು. ಬಲಕ್ಕೆ ಒಂದು ಟಕ್, ಎಡಕ್ಕೆ ಒಂದು. ಮೊದಮೊದಲು ನನ್ನ ಎರಡನೇ ಟಕ್ ಕೈಗಳು ಕೆಳಗೆ ಬಂದ ಮೇಲೆ ಕೇಳುತ್ತಿತ್ತು. ಆರು ವಾರ, ದಿನಕ್ಕೆ ಹತ್ತು ನಿಮಿಷ ಮಾಡಿದ ಮೇಲೆ ಕೈ ಇಳಿಯುವ ಮೊದಲೇ ಕೇಳಿಸತೊಡಗಿತು. ಒಂದು ಶನಿವಾರ 7 ಐರನ್ ಅನ್ನುವ ಕ್ಲಬ್ಬಿನಲ್ಲಿ ಹೊಡೆದೆ. ಚೆಂಡಿಗೆ ಮೊದಲು ತಾಗಿತು, ಹುಲ್ಲು ಆಮೇಲೆ ಹಾರಿತು. ಬಗ್ಗಿ ನೋಡಿದೆ, ಡಿವೋಟ್ (ಕ್ಲಬ್ಬು ಹುಲ್ಲು ಕಿತ್ತ ಗುಂಡಿ) ಚೆಂಡು ಇದ್ದ ಜಾಗದಿಂದ ಮುಂದಕ್ಕೆ ಬಿದ್ದಿತ್ತು. ಅವತ್ತು ಮಧ್ಯಾಹ್ನದವರೆಗೂ ಮನೆಗೆ ಹೋಗಲೇ ಇಲ್ಲ.

ಈಗ ಬೈಯುವ ಭಾಗ. ಹಲಗೆಯ ಮೇಲೆ ನಿಂತು ಚೆಂಡು ಹೊಡೆಯಬಹುದು ಅಂತ ಜಾಹೀರಾತಿನಲ್ಲಿತ್ತು. ಹೊಡೆಯಬಹುದು ನಿಜ, ಆದರೆ ಹಲಗೆಯ ದಪ್ಪದಷ್ಟು ನೀವು ಎತ್ತರವಾಗುತ್ತೀರಿ, ಚೆಂಡು ಕೆಳಗೇ ಉಳಿಯುತ್ತದೆ. ಚೆಂಡಿನ ಕೆಳಗೂ ಅಷ್ಟೇ ದಪ್ಪದ ಮ್ಯಾಟ್ ಹಾಕದಿದ್ದರೆ ಕ್ಲಬ್ಬು ಚೆಂಡಿನ ನೆತ್ತಿಗೇ ತಾಗುತ್ತದೆ. ನಾನು ಬರೀ ಖಾಲಿ ಸ್ವಿಂಗ್ ಮಾಡುತ್ತೇನೆ.

ಐದನೇ ತಿಂಗಳಲ್ಲಿ, ಮಳೆಗಾಲ ಶುರುವಾದಾಗ, ಮೇಲಿನ ರಬ್ಬರ್ ಹಾಳೆ ಎದ್ದು ಬಂತು. ಒಂದು ವರ್ಷ ಗ್ಯಾರಂಟಿ ಅಂದಿದ್ದರು. ಫೋಟೋ ಕಳಿಸಿ ಅಂದರು, ಮೂರು ಸಲ ಕಳಿಸಿದೆ, ಆಮೇಲೆ ಸದ್ದೇ ಇಲ್ಲ. ಚಪ್ಪಲಿ ರಿಪೇರಿಯವರ ಹತ್ತಿರ ಗಮ್ ಹಾಕಿಸಿದೆ. ಇವತ್ತಿಗೂ ಗಟ್ಟಿಯಾಗಿದೆ.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ಹಲಗೆ ಪಾದವನ್ನು ಚಪ್ಪಟೆಯಾಗಿ ಕಟ್ಟಿಹಾಕುತ್ತದೆ. ನಿಜವಾದ ಆಟದಲ್ಲಿ ಪಾದ ಹಾಗಿರುವುದಿಲ್ಲ. 18 ಮೇಜರ್ (ಗಾಲ್ಫಿನ ಅತಿ ದೊಡ್ಡ ಟೂರ್ನಿಗಳು) ಗೆದ್ದ ಜಾಕ್ ನಿಕ್ಲಾಸ್ ಬ್ಯಾಕ್‌ಸ್ವಿಂಗ್‌ನಲ್ಲಿ ಎಡಹಿಮ್ಮಡಿ ಎತ್ತುತ್ತಿದ್ದರು. 2022 ಮತ್ತು 2024ರಲ್ಲಿ ಅಂಥದ್ದೇ ಒಂದು ಟೂರ್ನಿ ಮಾಸ್ಟರ್ಸ್ ಗೆದ್ದ ಸ್ಕಾಟಿ ಶೆಫ್ಲರ್ ಹೊಡೆಯುವಾಗ ಬಲಗಾಲು ಹಿಂದಕ್ಕೆ ಜಾರಿಕೊಂಡು ಹೋಗುತ್ತದೆ, ನೋಡಿದವರಿಗೆ ಈಗ ಬಿದ್ದರು ಅನಿಸುತ್ತದೆ. ನಾನೋ ಹಲಗೆಯ ಅಭ್ಯಾಸದಲ್ಲಿ ಪಕ್ಕಕ್ಕೆ ತಳ್ಳುವುದನ್ನು ಮಾತ್ರ ಕಲಿತೆ, ಸೊಂಟ ತಿರುಗಿಸುವುದನ್ನು ಮರೆತೆ. ಎಡ ಮಂಡಿ ನೋಯತೊಡಗಿತು. ಎಡಪಾದವನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ನಿಂತ ಮೇಲೆ ಹಗುರಾಯಿತು. ಕೋಚ್ ಸುಮ್ನೆ ಒಂದು ಉಪಾಯ ಹೇಳಿದರು: ಎರಡೂ ಪಾದ ಜೋಡಿಸಿ ನಿಲ್ಲಿ, ಕ್ಲಬ್ಬು ಮೇಲೆ ಹೋಗುತ್ತಿರುವಾಗ ಎಡಗಾಲನ್ನು ಗುರಿಯ ಕಡೆಗೆ ಒಂದು ಹೆಜ್ಜೆ ಇಡಿ, ಆಮೇಲೆ ಹೊಡೆಯಿರಿ. ಹಲಗೆ ಕಲಿಸುವುದೆಲ್ಲ ಇದರಲ್ಲೇ ಇದೆ, ಪುಕ್ಕಟೆ. ಮೊದಲೇ ಹೇಳಬಾರದಿತ್ತಾ?

ಡ್ರೈವರ್‌ನಲ್ಲಿ (ತುಂಬಾ ದೂರ ಹೊಡೆಯುವ ಕ್ಲಬ್ಬು) ಚೆಂಡು ಬಲಕ್ಕೆ ತಿರುಗುವ ನನ್ನ ರೋಗ ಹಾಗೇ ಇದೆ. ಅದು ಕ್ಲಬ್ಬಿನ ಮುಖದ ಸಮಸ್ಯೆ, ಕಾಲಿನದ್ದಲ್ಲ. ಹ್ಯಾಂಡಿಕ್ಯಾಪ್ (ಆಟದ ಮಟ್ಟದ ಅಂಕಿ, ಕಡಿಮೆ ಇದ್ದಷ್ಟೂ ಒಳ್ಳೆಯದು) 22ರಿಂದ 19ಕ್ಕೆ ಬಂದಿದೆ. ಅದರಲ್ಲಿ ಹಲಗೆಯ ಪಾಲೆಷ್ಟು, ಚಿಪ್ಪಿಂಗ್ (ಗುಳಿಯ ಹತ್ತಿರದ ಸಣ್ಣ ಹೊಡೆತಗಳು) ಪಾಲೆಷ್ಟು ಅಂತ ಕೇಳಿದರೆ ಚಿಪ್ಪಿಂಗ್‌ಗೇ ಜಾಸ್ತಿ ಕೊಡುತ್ತೇನೆ.

ಹೆಜ್ಜೆ ಇಟ್ಟು ಹೊಡೆಯುವುದನ್ನು ಒಂದು ತಿಂಗಳು ಮಾಡಿ ನೋಡಿ. ಅದರಲ್ಲೂ ಭಾರ ಬದಲಿಸುವ ಹೊತ್ತು ಹಿಡಿತಕ್ಕೆ ಸಿಗದಿದ್ದರೆ ಮಾತ್ರ ಇದಕ್ಕೆ ದುಡ್ಡು ಹಾಕಿ. ಮಂಡಿನೋವು ಇದ್ದವರಿಗೆ ಬೇಡವೇ ಬೇಡ. ಐದಕ್ಕೆ ಮೂರೂವರೆ ಕೊಡುತ್ತೇನೆ.

ಅಂದ ಹಾಗೆ, ಆಂಟಿಯ ಮಾತು ಕೇಳಿ ಕೆಳಗೆ ಯೋಗ ಮ್ಯಾಟ್ ಮಡಚಿ ಹಾಕಿದ್ದೆ. ಸದ್ದೇನೋ ನಿಂತಿತು, ಆದರೆ ಟಕ್ ಕೇಳದೆ ನನಗೆ ಹೊತ್ತೂ ತಪ್ಪಿತು. ಈಗ ಹಲಗೆ ಟೆರೇಸಿನಲ್ಲಿದೆ, ಆಂಟಿ ಹಪ್ಪಳ ಒಣಗಿಸುವ ಜಾಗದ ಪಕ್ಕದಲ್ಲೇ.